ಕೊಟ್ಟ ಸಾಲ, ಉಳಿದ ಅಂಗಡಿ



ಯಾದಗಿರಿ ತಾಲೂಕಿನ ಹತ್ತಿಕುಣಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಹೋಬಳಿಯ ಊರು. ಅದೇ ಹೆಸರಿನ ಜಲಾಶಯವೂ ಅಲ್ಲಿದೆ. ನೋಡದವರು ತಮ್ಮ ಹೋಬಳಿಯ ಊರನ್ನೇ ಕಣ್ಣ ಮುಂದೆ ತಂದುಕೊಂಡರೆ ಸಾಕು. ಇಂಥ ಊರಿನ ಬಸ್ಸು ನಿಲ್ಲುವ ಬೀದಿಯಲ್ಲಿ ಏನೇನಿರುತ್ತದೆ? ಒಂದು ಹಿಟ್ಟಿನ ಗಿರಣಿ, ಒಂದೆರಡು ಹೊಲಿಗೆ ಅಂಗಡಿ, ಪಂಕ್ಚರ್ ಹಾಕುವವನ ತಗಡಿನ ಗೂಡು, ಚಹಾದಂಗಡಿ, ಬೆಸುಗೆ ಕೆಲಸದ ಕಿಡಿ ಹಾರುವ ಒಂದು ಷೆಡ್ಡು. ಮನೆಗಳ ಹಿತ್ತಿಲಲ್ಲಿ ಹಾಲಿನ ಎಮ್ಮೆ.

ಇವುಗಳೇ ನಮ್ಮ ದೇಶದ ಅತಿ ಸಣ್ಣ ಉದ್ಯಮಗಳು. ಇವುಗಳಿಗೆ ನೆರವಾಗಲೆಂದು ಸರ್ಕಾರಗಳು ಸುಮಾರು ನೂರು ವರ್ಷಗಳಿಂದ ಸಾಲ, ಸಹಾಯಧನ, ತರಬೇತಿ, ಮೀಸಲಾತಿ ಎಂದು ಬಗೆಬಗೆಯ ಯೋಜನೆಗಳನ್ನು ರೂಪಿಸಿವೆ. ಹಾಗಾದರೆ ಒಂದು ಸರಳ ಪ್ರಶ್ನೆ ಕೇಳೋಣ. ಆ ಬೀದಿಯ ಯಾವ ಅಂಗಡಿ ಸರ್ಕಾರದ ನೆರವಿನಿಂದ ಹುಟ್ಟಿತು? ಯಾವುದು ನೆರವಿಲ್ಲದೆಯೇ ಹುಟ್ಟಿತು? ಯಾವುದು ನೆರವು ಪಡೆದೂ ಮುಚ್ಚಿಹೋಯಿತು? ಪ್ರಶ್ನೆ ಸರಳವಾದರೂ ಉತ್ತರ ಯಾವ ಕಚೇರಿಯ ಕಡತದಲ್ಲೂ ಸುಲಭವಾಗಿ ಸಿಗದು. ಏಕೆ ಸಿಗದು ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ನಿಜಾಮರ ಕಾಲದ ಒಂದು ಕೋಟಿ

ಹತ್ತಿಕುಣಿಯ ಹೆಸರಿನಲ್ಲೇ ಹತ್ತಿ ಇದೆ. ಈ ಸೀಮೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1871ರಲ್ಲಿ ರೈಲು ರಾಯಚೂರನ್ನು ಮುಟ್ಟಿತು. ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. ಹತ್ತಿಗೆ ದೂರದ ಮಾರುಕಟ್ಟೆ ತೆರೆಯಿತು. ಆದರೆ ಗಮನಿಸಿ: ಹೊರಹೋದದ್ದು ಹತ್ತಿಯ ಅಂಡಿಗೆ, ಒಳಬಂದದ್ದು ಗಿರಣಿಯ ಬಟ್ಟೆ. ನೂಲುವ, ನೇಯುವ, ಹೊಲಿಯುವ ಕೆಲಸದ ಲಾಭವೆಲ್ಲ ಊರಿನ ಹೊರಗೇ ಉಳಿಯಿತು. ಕಲಬುರಗಿಯಲ್ಲಿ 1880ರ ದಶಕದಲ್ಲಿ ಮೆಹಬೂಬ್ ಶಾಹಿ ಗಿರಣಿ ಬಂದಿತಾದರೂ ಅದು ಒಂದೇ ಊರಿನ ಭಾಗ್ಯವಾಗಿತ್ತು.

1929ರಲ್ಲಿ ಹೈದರಾಬಾದ್ ಸರ್ಕಾರ ಒಂದು ಕೋಟಿ ರೂಪಾಯಿಯ ಕೈಗಾರಿಕಾ ನಿಧಿಯೊಂದನ್ನು ಸ್ಥಾಪಿಸಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ದೊಡ್ಡ ಕೈಗಾರಿಕೆಗಳ ಷೇರು ಕೊಳ್ಳುವುದರ ಜೊತೆಗೆ ಸಣ್ಣ ಕೈಗಾರಿಕೆಗಳಿಗೆ ನೆರವಾಗುವುದೂ ಅದರ ಉದ್ದೇಶವಾಗಿತ್ತು. ಆದರೆ ಹಣದ ಒಲವು ವರಂಗಲ್ಲಿನ ಆಜಂ ಜಾಹಿ ಗಿರಣಿಯಂಥ ದೊಡ್ಡ ಕಾರ್ಖಾನೆಗಳ ಕಡೆಗೇ ಇತ್ತು. ಒಂದು ದೊಡ್ಡ ಗಿರಣಿಯ ಲೆಕ್ಕ ನೋಡುವುದು ಸುಲಭ. ಸಾವಿರ ಮಗ್ಗಗಳ ಲೆಕ್ಕ ನೋಡುವುದು ಕಷ್ಟ. ಸಣ್ಣವರಿಗೆ ಮೀಸಲಾದ ಹಣ ದೊಡ್ಡವರತ್ತ ಜಾರುವುದಕ್ಕೆ ಎಲ್ಲ ಕಾಲದಲ್ಲೂ ಇದೊಂದು ಕಾರಣ.

ಇದೇ ಅವಧಿಯಲ್ಲಿ ಕನ್ನಡ ನಾಡಿನ ಇನ್ನೊಂದು ಭಾಗದಲ್ಲಿ ಬೇರೊಂದು ದಾರಿ ತೆರೆದಿತ್ತು. 1905ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಅಲ್ಲಿ ಸಾಲ ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಊರಿನವರು. ಯಾರ ಕೆಲಸ ನಡೆಯುತ್ತಿದೆ, ಯಾರದು ನಿಂತಿದೆ ಎಂಬುದನ್ನು ತಿಳಿಯಲು ಅವರಿಗೆ ವರದಿ ಬೇಕಿರಲಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದೇ ಕಾನೂನು, ಎರಡು ಫಲ

ಸ್ವಾತಂತ್ರ್ಯದ ನಂತರ ಸಣ್ಣ ಉದ್ಯಮಗಳಿಗಾಗಿ ಸಂಸ್ಥೆಗಳ ಸಾಲೇ ಎದ್ದಿತು. ಕೇಂದ್ರದಲ್ಲಿ 1954ರಲ್ಲಿ ಸಣ್ಣ ಕೈಗಾರಿಕೆಗಳ ಸಂಘಟನೆ, 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ. ನಮ್ಮ ರಾಜ್ಯದಲ್ಲಿ 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ, 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ. 1956ರ ನವೆಂಬರ್ 1ರಂದು ಯಾದಗಿರಿ, ಶಹಾಪುರ, ಸುರಪುರಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ಅಂದರೆ ಬೆಂಗಳೂರಿನ ಕಮ್ಮಟಗಾರನಿಗೂ ಹತ್ತಿಕುಣಿಯ ಕಮ್ಮಾರನಿಗೂ ಕಾಗದದ ಮೇಲೆ ಒಂದೇ ಸೌಲಭ್ಯ.

ಫಲ ಮಾತ್ರ ಒಂದೇ ಆಗಲಿಲ್ಲ. ಬೆಂಗಳೂರಿನ ರಾಜಾಜಿನಗರ, ಆನಂತರ ಪೀಣ್ಯದ ಕೈಗಾರಿಕಾ ವಸಾಹತುಗಳಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು ಬೆಳೆದವು. ಹತ್ತಿಕುಣಿಯ ಸುತ್ತ ಅಂಥದ್ದೇನೂ ಆಗಲಿಲ್ಲ. ಬೆಂಗಳೂರಿನವರು ಜಾಣರು, ಯಾದಗಿರಿಯವರು ಅಲ್ಲ ಎಂದೇ? ಖಂಡಿತ ಅಲ್ಲ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ 1940ರಲ್ಲೇ ಬಂದಿತ್ತು. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳು ಬೇಕಿದ್ದವು. ಅಲ್ಲಿ ಕೆಲಸ ಕಲಿತ ಕುಶಲಿಗಳು ಹೊರಬಂದು ಒಂದು ಲೇತ್ ಯಂತ್ರ ಹಾಕಿಕೊಂಡರೆ ಕೆಲಸ ಕೊಡುವವರು ಬಳಿಯಲ್ಲೇ ಇದ್ದರು. ಅಲ್ಲಿ ಸಾಲವೆಂಬುದು ಸಿದ್ಧವಾಗಿದ್ದ ಒಲೆಗೆ ಹಚ್ಚಿದ ಕಡ್ಡಿ. ಇಲ್ಲಿ ಕಡ್ಡಿ ಇತ್ತು; ಒಲೆಯೂ ಇಲ್ಲ, ಸೌದೆಯೂ ಇಲ್ಲ.

ಈ ಅಂತರ ಎಷ್ಟಾಯಿತು ಎಂಬುದನ್ನು ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅಳೆದು ತೋರಿಸಿತು. ರಾಜ್ಯದ 39 ತಾಲೂಕುಗಳನ್ನು ಅದು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು; ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. 2009ರ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡ 52 ಮಾತ್ರ, ರಾಜ್ಯದಲ್ಲೇ ಕಡಿಮೆ. ಸಾಲದ ಅರ್ಜಿಯನ್ನು ಓದಲಾರದವನಿಗೆ ಸಾಲದ ಯೋಜನೆ ಎಷ್ಟರಮಟ್ಟಿಗೆ ತಲುಪೀತು, ನೀವೇ ಯೋಚಿಸಿ.

ಬೇಲಿ ಹಾಕಿ ಕಾಯ್ದ ಕಾಲ

ಸಾಲದ ಜೊತೆಗೆ ಇನ್ನೊಂದು ಉಪಾಯವನ್ನೂ ಸರ್ಕಾರ ಮಾಡಿತು. ಕೆಲವು ವಸ್ತುಗಳನ್ನು ಸಣ್ಣ ಉದ್ಯಮಗಳೇ ತಯಾರಿಸಬೇಕು, ದೊಡ್ಡವರು ಅವಕ್ಕೆ ಕೈಹಾಕಬಾರದು ಎಂಬ ಮೀಸಲಾತಿ. 1967ರಲ್ಲಿ 47 ವಸ್ತುಗಳಿಂದ ಇದು ಆರಂಭವಾಯಿತು. 1977ರ ಡಿಸೆಂಬರಿನಲ್ಲಿ ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ಮಂಡಿಸಿದ ನೀತಿ ಈ ಪಟ್ಟಿಯನ್ನು 180ರಿಂದ 500ಕ್ಕೂ ಮೇಲೇರಿಸಿತು. ಮುಂದೆ ಅದು 800ನ್ನೂ ದಾಟಿತು. ಜಿಲ್ಲಾ ಕೈಗಾರಿಕಾ ಕೇಂದ್ರಗಳು 1978ರಿಂದ ಶುರುವಾದದ್ದೂ ಇದೇ ನೀತಿಯಿಂದ. ಸಣ್ಣ ಉದ್ಯಮಿಯ ಎಲ್ಲ ಕೆಲಸ ಒಂದೇ ಸೂರಿನಡಿ ಆಗಬೇಕೆಂಬುದು ಅದರ ಆಶಯ.

ಬೇಲಿ ಹಾಕಿದ ಗಿಡ ಮೇಕೆಯ ಬಾಯಿಂದ ಉಳಿಯುತ್ತದೆ, ನಿಜ. ಆದರೆ ಇಲ್ಲಿ ಬೇಲಿಯ ನಿಯಮ ವಿಚಿತ್ರವಾಗಿತ್ತು: ಗಿಡ ದೊಡ್ಡದಾದರೆ ರಕ್ಷಣೆ ತಪ್ಪುತ್ತದೆ! ಹೀಗಾಗಿ ಎಷ್ಟೋ ಉದ್ಯಮಗಳು ಬೆಳೆಯದೆ ಸಣ್ಣದಾಗಿಯೇ ಉಳಿಯುವುದು ಲಾಭವೆಂದುಕೊಂಡವು. ಕ್ರಮೇಣ ಪಟ್ಟಿಯನ್ನು ಕಡಿಮೆ ಮಾಡುತ್ತ ಬಂದು, 2015ರ ಏಪ್ರಿಲಿನಲ್ಲಿ ಉಳಿದಿದ್ದ ಕೊನೆಯ 20 ವಸ್ತುಗಳನ್ನೂ ಕೈಬಿಡಲಾಯಿತು. 2000ದಿಂದ 2007ರವರೆಗಿನ ಅಂಕಿ ಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಮೀಸಲಾತಿ ತೆಗೆದುದರ ಪ್ರಭಾವ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಉದ್ಯೋಗ ಹೆಚ್ಚು ವೇಗವಾಗಿ ಬೆಳೆಯಿತೆಂದು ಕಂಡುಕೊಂಡರು. ಬೇಲಿ ತೆಗೆದರೆ ಉದ್ಯೋಗವೇ ನಾಶವಾದೀತೆಂಬ ಭಯ ನಿಜವಾಗಲಿಲ್ಲ.

ಎಮ್ಮೆ, ಸಹಾಯಧನ, ಸಾಲಮೇಳ

ಈಗ ಹಳ್ಳಿಯ ಮನೆಬಾಗಿಲಿಗೇ ಬಂದ ಯೋಜನೆಯನ್ನು ನೋಡೋಣ. 1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. 1980ರ ಅಕ್ಟೋಬರ್ 2ರಿಂದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿತು. ನಿಮ್ಮ ಮನೆಯ ಹಿರಿಯರು ಇದನ್ನು ಐಆರ್‌ಡಿಪಿ ಎಂದೇ ನೆನಪಿಟ್ಟುಕೊಂಡಿರುತ್ತಾರೆ.

ಇದರ ಲೆಕ್ಕ ಹೀಗಿತ್ತು. ವರ್ಷಕ್ಕೆ 3,500 ರೂಪಾಯಿಗಿಂತ ಕಡಿಮೆ ಆದಾಯದ ಕುಟುಂಬ ಬಡ ಕುಟುಂಬ. ಅದಕ್ಕೆ ಎಮ್ಮೆ, ಹೊಲಿಗೆ ಯಂತ್ರ, ಎತ್ತಿನ ಗಾಡಿ, ಕಿರಾಣಿ ಅಂಗಡಿ ಹೀಗೆ ದುಡಿಮೆಯ ಒಂದು ಸಾಧನ ಕೊಡಿಸುವುದು. ಬೆಲೆಯ ಒಂದು ಭಾಗ ಸರ್ಕಾರದ ಸಹಾಯಧನ: ಸಣ್ಣ ರೈತರಿಗೆ ಶೇಕಡ 25, ಅತಿ ಸಣ್ಣ ರೈತರಿಗೂ ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಮೂರನೆಯ ಒಂದು ಭಾಗ, ಪರಿಶಿಷ್ಟ ಪಂಗಡದವರಿಗೆ ಅರ್ಧ. ಉಳಿದದ್ದು ಬ್ಯಾಂಕಿನ ಸಾಲ.

ಯೋಚನೆ ಒಳ್ಳೆಯದೇ. ಆದರೆ ಎಮ್ಮೆ ಹಾಲು ಕೊಡಬೇಕಾದರೆ ಹಸಿಮೇವು ಬೇಕು, ಪಶುವೈದ್ಯ ಬೇಕು, ಹಾಲು ಕೊಳ್ಳುವ ಡೈರಿ ಬೇಕು. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯಲ್ಲಿ ಇವು ಮೂರೂ ಇರುವುದಿಲ್ಲ. ಎಮ್ಮೆ ಬತ್ತುತ್ತದೆ, ಸಾಲದ ಕಂತು ಬತ್ತುವುದಿಲ್ಲ. ಕೆಲವರು ಎಮ್ಮೆ ಮಾರಿದರು. ಕೆಲವೆಡೆ ಒಂದೇ ಎಮ್ಮೆ ಹಲವು ಫಲಾನುಭವಿಗಳ ಹೆಸರಿನಲ್ಲಿ ಓಡಾಡಿತು. ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ ಎನ್ನುವ ಗಾದೆಯಿದೆಯಲ್ಲ, ಇಲ್ಲಿ ಕಡತದಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತಾಯಿತು.

ಆಗ ಕೇಂದ್ರದ ಹಣಕಾಸು ಖಾತೆಯಲ್ಲಿ ಸಚಿವರಾಗಿದ್ದ ನಮ್ಮ ಕರಾವಳಿಯ ಬಿ. ಜನಾರ್ದನ ಪೂಜಾರಿಯವರು ಸಾಲಮೇಳಗಳನ್ನು ನಡೆಸಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರ ಬಳಿಗೆ ಬ್ಯಾಂಕೇ ಬಂದಿತು. ಇದರ ಬೆಲೆಯನ್ನು ಕಡಿಮೆ ಎಣಿಸಬಾರದು. ಬಡವನೂ ಸಾಲಕ್ಕೆ ಅರ್ಹನೆಂಬ ಮಾತು ಬಹಿರಂಗವಾಗಿ ಕೇಳಿಬಂತು. ಆದರೆ ಶಾಮಿಯಾನದ ಕೆಳಗೆ ಒಂದೇ ದಿನ ನೂರಾರು ಜನರಿಗೆ ಸಾಲ ಹಂಚುವಾಗ, ಯಾರ ವ್ಯಾಪಾರ ನಡೆದೀತು ಎಂದು ಕೂತು ವಿಚಾರಿಸಲು ವ್ಯವಧಾನ ಎಲ್ಲಿಂದ ಬರಬೇಕು?

1985ರಲ್ಲಿ ಪುಣೆಯ ಅರ್ಥಶಾಸ್ತ್ರಜ್ಞ ನೀಲಕಂಠ ರಥ್ ಅವರು ಒಂದು ಪ್ರಬಂಧದಲ್ಲಿ ಈ ಕಾರ್ಯಕ್ರಮ ಬಡತನವನ್ನು ನಿಜವಾಗಿ ಓಡಿಸಬಲ್ಲುದೇ ಎಂದು ಕೇಳಿದರು. ಬಡತನದ ಗೆರೆಯನ್ನು ದಾಟಬಲ್ಲವರು ಬಹಳ ಸಣ್ಣ ಪಾಲು ಎಂಬುದು ಅವರ ಲೆಕ್ಕ. ಎಲ್ಲ ಬಡವರೂ ಉದ್ಯಮಿಗಳಾಗಬೇಕೆಂದು ನಿರೀಕ್ಷಿಸುವುದೇ ತಪ್ಪು. ಬಹಳಷ್ಟು ಜನರಿಗೆ ಬೇಕಾದದ್ದು ಖಚಿತವಾದ ಕೂಲಿ ಕೆಲಸ ಎಂದು ಅವರು ವಾದಿಸಿದರು. 1990ರಲ್ಲಿ ಕೇಂದ್ರ ಸರ್ಕಾರ ರೈತರು, ಕುಶಲಕರ್ಮಿಗಳು, ನೇಕಾರರ ಹತ್ತು ಸಾವಿರ ರೂಪಾಯಿವರೆಗಿನ ಬಾಕಿಯನ್ನು ಮನ್ನಾ ಮಾಡಿತು. ಎಷ್ಟೋ ಕುಟುಂಬಗಳು ನಿಟ್ಟುಸಿರು ಬಿಟ್ಟವು. ಜೊತೆಗೆ ಮರುಪಾವತಿಯ ಅಭ್ಯಾಸವೂ ಸಡಿಲವಾಯಿತು, ಬ್ಯಾಂಕುಗಳು ಹೊಸ ಸಾಲಕ್ಕೆ ಹಿಂಜರಿದವು. ಪ್ರಾಮಾಣಿಕವಾಗಿ ಕಂತು ಕಟ್ಟಿದವನೂ ಇದರ ಬಿಸಿಯನ್ನು ಅನುಭವಿಸಿದ.

ಬೆನ್ನ ಹಿಂದೆ ನಿಂತವರು

ಅದೇ ದಶಕದಲ್ಲಿ, 1982ರಲ್ಲಿ, ದಕ್ಷಿಣ ಕನ್ನಡದ ಉಜಿರೆಯಲ್ಲಿ ಬೇರೊಂದು ಪ್ರಯೋಗ ಶುರುವಾಯಿತು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಸ್ಥಾಪನೆಯಾದ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ರುಡ್‌ಸೆಟ್. ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಕಸಬು, ಲೆಕ್ಕ ಇಡುವುದು, ಗಿರಾಕಿಯೊಡನೆ ಮಾತನಾಡುವುದು; ಆಮೇಲೆ ಸಾಲ; ಸಾಲದ ನಂತರ ಎರಡು ವರ್ಷದವರೆಗೆ ವಿಚಾರಿಸುವುದು. ತರಬೇತಿ ಪಡೆದವನು ಅಂಗಡಿ ತೆರೆದನೇ, ನಿಂತನೇ, ಎಲ್ಲಿ ಎಡವಿದ? ಕಣಗಿನಹಾಳದ ಗುಣ ಇಲ್ಲಿ ಮರಳಿ ಬಂದದ್ದನ್ನು ನೀವು ಗುರುತಿಸಿರಬಹುದು: ಸಾಲ ಪಡೆದವನ ಪರಿಚಯ, ಆಮೇಲಿನ ವಿಚಾರಣೆ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ಪ್ರತಿ ಜಿಲ್ಲೆಗೊಂದು ತರಬೇತಿ ಸಂಸ್ಥೆಯ ಯೋಜನೆ ಕೈಗೊಂಡಿತು.

ಮಹಿಳಾ ಸ್ವಸಹಾಯ ಗುಂಪುಗಳ ಕತೆಯೂ ಇಂಥದ್ದೇ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಮಾಡಿತು. 2000ದಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ವಾರವಾರ ಸೇರುವ ಗುಂಪಿನಲ್ಲಿ ಯಾರ ಹೊಲಿಗೆ ಯಂತ್ರ ತಿರುಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತು.

ಪ್ರಯೋಗಶಾಲೆಯ ಪಾಠ

ಇಷ್ಟು ಕೇಳಿದ ಮೇಲೆ ವಿಜ್ಞಾನದ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಬೇಕು: “ನೆರವಿನಿಂದಲೇ ಅಂಗಡಿ ಉಳಿಯಿತೆಂದು ಹೇಗೆ ಗೊತ್ತು? ಅವನು ಚುರುಕಾಗಿದ್ದ, ನೆರವಿಲ್ಲದೆಯೂ ಬೆಳೆಯುತ್ತಿದ್ದನೇನೋ!” ಒಳ್ಳೆಯ ಪ್ರಶ್ನೆ. ಗೊಬ್ಬರ ಹಾಕಿದ ಗಿಡದ ಪಕ್ಕದಲ್ಲಿ ಗೊಬ್ಬರ ಹಾಕದ ಗಿಡವನ್ನೂ ಇಟ್ಟು ನಾವು ಪರೀಕ್ಷಿಸುತ್ತೇವಲ್ಲ, ಹಾಗೆಯೇ ಇಲ್ಲಿಯೂ ಮಾಡಬೇಕು.

ಹಾಗೆ ಮಾಡಿದವರಿದ್ದಾರೆ. ಹತ್ತಿಕುಣಿಯ ಹಳೆಯ ರಾಜಧಾನಿಯಾದ ಹೈದರಾಬಾದಿನಲ್ಲೇ 2005ರಿಂದ ಒಂದು ಅಧ್ಯಯನ ನಡೆಯಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 104 ಬಡ ಬಡಾವಣೆಗಳನ್ನು ಆರಿಸಿ, ಚೀಟಿ ಎತ್ತಿದಂತೆ 52ರಲ್ಲಿ ಮಾತ್ರ ಮಹಿಳಾ ಗುಂಪುಗಳಿಗೆ ಕಿರುಸಾಲ ಮೊದಲು ಸಿಗುವಂತೆ ಮಾಡಿದರು. ಫಲವೇನು? ಈಗಾಗಲೇ ವ್ಯಾಪಾರ ಮಾಡುತ್ತಿದ್ದವರು ಹೆಚ್ಚು ಬಂಡವಾಳ ಹಾಕಿದರು. ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಕೆಲವರ ಲಾಭ ಹೆಚ್ಚಿತು. ಆದರೆ ಸಾಮಾನ್ಯ ಅಂಗಡಿಯ ಲಾಭ ಹೆಚ್ಚಲಿಲ್ಲ. ಕುಟುಂಬಗಳ ಒಟ್ಟು ಖರ್ಚಿನಲ್ಲೂ ಗಮನಾರ್ಹ ಏರಿಕೆ ಕಾಣಲಿಲ್ಲ. ಇದು ಖಾಸಗಿ ಸಂಸ್ಥೆಯ ಕಿರುಸಾಲ, ಸರ್ಕಾರದ್ದಲ್ಲ. ಪಾಠ ಮಾತ್ರ ಇಬ್ಬರಿಗೂ ಒಂದೇ.

2005ರಲ್ಲೇ ಶ್ರೀಲಂಕಾದಲ್ಲಿ ಸುಮಾರು 400 ಅತಿ ಸಣ್ಣ ಉದ್ಯಮಗಳ ನಡುವೆ ಇನ್ನೊಂದು ಪ್ರಯೋಗವಾಯಿತು. ಲಾಟರಿ ಎತ್ತಿ ಕೆಲವರಿಗೆ ಅಲ್ಲಿನ 10,000 ಅಥವಾ 20,000 ರೂಪಾಯಿಯ ಬಂಡವಾಳವನ್ನು ಉಚಿತವಾಗಿಯೇ ಕೊಟ್ಟರು. ಗಂಡಸರ ಉದ್ಯಮಗಳಲ್ಲಿ ಆ ಹಣ ಒಳ್ಳೆಯ ಲಾಭ ತಂದಿತು. ಹೆಂಗಸರ ಉದ್ಯಮಗಳಲ್ಲಿ ಸರಾಸರಿ ಲಾಭ ಕಾಣಲಿಲ್ಲ. ಹೆಂಗಸರಿಗೆ ವ್ಯಾಪಾರ ಬಾರದೆಂದೇ? ಮನೆಯಲ್ಲಿ ಗಂಡನ ಉದ್ಯಮವೂ ಇದ್ದರೆ ಹಣ ಅತ್ತ ಹರಿದುಹೋಗಿರುವುದು ಒಂದು ಕಾರಣವೆಂದು ನಂತರದ ವಿಶ್ಲೇಷಣೆ ಸೂಚಿಸಿತು. ಸಾಲಪತ್ರದಲ್ಲಿ ಯಾರ ಹೆಸರಿದೆ ಎಂಬುದೇ ಬೇರೆ, ಹಣ ಯಾರ ಕೈಯಲ್ಲಿದೆ ಎಂಬುದೇ ಬೇರೆ.

ಇತಿಹಾಸವೂ ಪ್ರಯೋಗವೂ ಒಂದೇ ಮಾತನ್ನು ಹೇಳುತ್ತಿವೆ. ಹಣದ ಕೊರತೆಯೊಂದೇ ಅಡ್ಡಿಯಾಗಿರುವಲ್ಲಿ ಸಾಲ ಕೆಲಸ ಮಾಡುತ್ತದೆ. ಕಸಬು, ಮೇವು, ರಸ್ತೆ, ಗಿರಾಕಿ ಇವು ಇಲ್ಲದಲ್ಲಿ ಸಾಲವು ಸಾಲವಾಗಿಯೇ ಉಳಿಯುತ್ತದೆ.

ಎಣಿಸಬೇಕಾದದ್ದು ಯಾವುದು?

ಸರ್ಕಾರಗಳು ಏನನ್ನೂ ಕಲಿತಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಹಾಯಧನವನ್ನು ಉದ್ಯಮಿಯ ಕೈಗೆ ಮೊದಲೇ ಕೊಡುವುದಿಲ್ಲ. ಅದು ಮೂರು ವರ್ಷ ಬ್ಯಾಂಕಿನ ಠೇವಣಿಯಲ್ಲಿದ್ದು, ಉದ್ಯಮ ನಡೆಯುತ್ತಿದೆಯೆಂದು ಕಣ್ಣಾರೆ ನೋಡಿದ ಮೇಲೆ ಸಾಲಕ್ಕೆ ಜಮೆಯಾಗಬೇಕು. ಎಮ್ಮೆಯ ಕಾಲದ ಪಾಠ ಇದು. 2006ರ ಕಾಯಿದೆ, ಸಣ್ಣ ಉದ್ಯಮದಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದಿತು. 2012ರ ಖರೀದಿ ನೀತಿ, ಕೇಂದ್ರದ ಇಲಾಖೆಗಳು ತಮ್ಮ ಖರೀದಿಯಲ್ಲಿ ಒಂದು ಪಾಲನ್ನು ಸಣ್ಣವರಿಂದಲೇ ಕೊಳ್ಳಬೇಕೆಂದಿತು. ಅದು ಮೊದಲು ಶೇಕಡ 20 ಇದ್ದು, 2018ರಲ್ಲಿ 25ಕ್ಕೆ ಏರಿತು. ಇವು ಸಾಲವಲ್ಲ, ಮಾರುಕಟ್ಟೆ. ಪೀಣ್ಯಕ್ಕೆ ತಾನಾಗಿ ದೊರೆತದ್ದನ್ನು ಎಲ್ಲರಿಗೂ ದೊರಕಿಸುವ ಯತ್ನ.

ಆದರೂ 2015ರ ಏಪ್ರಿಲ್ 8ರಂದು ಬಂದ ಮುದ್ರಾ ಯೋಜನೆಯವರೆಗೆ, ನಾವು ಹೆಚ್ಚಾಗಿ ಕೇಳುವ ಅಂಕಿ ಯಾವುದು? ಇಷ್ಟು ಕೋಟಿ ಸಾಲ, ಇಷ್ಟು ಲಕ್ಷ ಫಲಾನುಭವಿಗಳು. ಐದು ವರ್ಷದ ನಂತರ ತೆರೆದಿರುವ ಅಂಗಡಿ ಎಷ್ಟು ಎಂಬ ಅಂಕಿಗೆ ಅಷ್ಟು ಪ್ರಚಾರವಿಲ್ಲ. ಕೊಟ್ಟದ್ದನ್ನು ಎಣಿಸುವುದು ಒಂದು ದಿನದ ಕೆಲಸ. ಉಳಿದದ್ದನ್ನು ಎಣಿಸಲು ಮತ್ತೆ ಮತ್ತೆ ಹೋಗಬೇಕು.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ದೂರದರ್ಶನದ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಲ ವಿತರಣೆಯ ಸಮಾರಂಭಗಳನ್ನು ನಾನು ಚಿತ್ರೀಕರಿಸಿದ್ದೇನೆ. ವೇದಿಕೆ, ಹಾರ, ಚೆಕ್ಕು ಹಿಡಿದು ಕ್ಯಾಮರಾದತ್ತ ನೋಡುವ ಮುಖಗಳು. ಚಿತ್ರ ಚೆನ್ನಾಗಿ ಬರುತ್ತಿತ್ತು. ಮರುವರ್ಷ ಅದೇ ಮುಖಗಳನ್ನು ಹುಡುಕಿಕೊಂಡು ಹೋಗಬೇಕೆಂದು ನನಗೆ ಹೊಳೆಯಲೇ ಇಲ್ಲ. ವಿಜ್ಞಾನ ಓದಿ ಬಂದವನಾಗಿ, ಪ್ರಯೋಗದ ಆರಂಭವನ್ನು ಮಾತ್ರ ಬರೆದಿಟ್ಟು ಫಲಿತಾಂಶದ ಪುಟವನ್ನು ಖಾಲಿ ಬಿಟ್ಟಂತಾಯಿತು.

ಆ ಪುಟವನ್ನು ನೀವು ತುಂಬಬಹುದು. ಮುಂದಿನ ರಜೆಯಲ್ಲಿ ನಾಲ್ಕೈದು ಜನ ಸೇರಿ ನಿಮ್ಮ ಊರಿನ ಒಂದು ಬೀದಿಯನ್ನು ಆರಿಸಿಕೊಳ್ಳಿ. ಪ್ರತಿ ಅಂಗಡಿಯಲ್ಲೂ ವಿನಯದಿಂದ ನಾಲ್ಕು ಪ್ರಶ್ನೆ ಕೇಳಿ. ಯಾವ ವರ್ಷ ಶುರುವಾಯಿತು? ಮೊದಲ ಬಂಡವಾಳ ಎಲ್ಲಿಂದ ಬಂತು? ಕೆಲಸ ಯಾರಿಂದ ಕಲಿತಿರಿ? ಅತಿ ಕಷ್ಟದ ವರ್ಷ ಯಾವುದು, ಆಗ ಯಾರು ಕೈಹಿಡಿದರು? ಮುಚ್ಚಿದ ಅಂಗಡಿಗಳನ್ನು ಮರೆಯಬೇಡಿ. ಅವುಗಳ ಕತೆಯನ್ನು ಪಕ್ಕದವರು ಹೇಳುತ್ತಾರೆ. ಸಾಲ ಬಾಕಿ ಇರುವವರ ಹೆಸರನ್ನು ಬರೆದುಕೊಳ್ಳಬೇಡಿ, ಕಾರಣವನ್ನಷ್ಟೇ ಬರೆದುಕೊಳ್ಳಿ. ಐದು ವರ್ಷದ ನಂತರ ನಿಮ್ಮ ಶಾಲೆಯ ಕಿರಿಯರು ಅದೇ ಬೀದಿಗೆ ಅದೇ ಪುಸ್ತಕ ಹಿಡಿದು ಹೋಗಲಿ.

ನಾಳೆ ನಿಮ್ಮಲ್ಲೊಬ್ಬರು ಸಾಲದ ಅರ್ಜಿ ಹಿಡಿದು ಬ್ಯಾಂಕಿಗೆ ಹೋಗಬಹುದು. ಇನ್ನೊಬ್ಬರು ಅದೇ ಮೇಜಿನ ಆಚೆ ಕುಳಿತಿರಬಹುದು. ಈಚೆ ಇರುವವರು, “ಎಷ್ಟು ಸಿಗುತ್ತದೆ?” ಎಂದು ಕೇಳುವ ಮೊದಲು, “ನನ್ನ ಸರಕನ್ನು ಕೊಳ್ಳುವವರು ಯಾರು?” ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಆಚೆ ಇರುವವರು ಸಾಲ ಕೊಟ್ಟ ತಾರೀಖಿನ ಪಕ್ಕದಲ್ಲಿ, ಮತ್ತೆ ಹೋಗಿ ನೋಡುವ ತಾರೀಖನ್ನೂ ಬರೆದಿಟ್ಟುಕೊಳ್ಳಲಿ.